ಮೂರು ಚಕ್ರದ ಸ್ಟ್ರಾಲರ್‌ನಲ್ಲಿ ಎಳೆಗೂಸನ್ನು ಕೂರಿಸಿ ಓಡಬಹುದೇ?

"ಮೂರು ಚಕ್ರದ ಸ್ಟ್ರಾಲರ್‌ಗೆ ಗಾಳಿ ತುಂಬಿದ ಟೈರ್ ಇರುತ್ತದೆ, ಕುಲುಕುವುದೇ ಇಲ್ಲ. ಮೊದಲ ತಿಂಗಳಿಂದಲೇ ಮಗುವಿನ ಜೊತೆ ಜಾಗಿಂಗ್ ಮಾಡಿ" ಎಂಬ ಸಂದೇಶ ಹೊಸ ಅಪ್ಪ-ಅಮ್ಮಂದಿರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ದಯವಿಟ್ಟು ಇದನ್ನು ನಂಬಬೇಡಿ.

ಸತ್ಯಾಂಶ: ಟೈರ್ ಎಷ್ಟೇ ಮೆತ್ತಗಿದ್ದರೂ ಓಡುವಾಗ ಗಾಡಿ ಅದುರುತ್ತದೆ. ಎಳೆಗೂಸಿಗೆ ತಲೆ ಭಾರ, ಕುತ್ತಿಗೆ ಇನ್ನೂ ನಿಂತಿರುವುದಿಲ್ಲ. ಹಾಗಾಗಿ ಕನಿಷ್ಠ 6 ತಿಂಗಳು ತುಂಬುವವರೆಗೆ ಓಟ ಬೇಡ; ಆಮೇಲೂ ಮಕ್ಕಳ ವೈದ್ಯರನ್ನು ಕೇಳಿಯೇ ಶುರುಮಾಡಿ. ನಡಿಗೆಗಾದರೂ ಹಸುಗೂಸಿಗೆ ಪೂರ್ತಿ ಅಂಗಾತ ಮಲಗಿಸುವ ಸೀಟು ಬೇಕು.

ಇನ್ನೊಂದು ವಿಷಯ. ಅಮೆರಿಕದ ಫಿಲ್ ಬೇಕ್ಲರ್ 1984ರಲ್ಲಿ ಇಂಥ ಗಾಡಿ ಕಟ್ಟಿದ್ದು ಓಟಕ್ಕೆಂದೇ. ಆದರೆ ಈಗ ಅದೇ ಆಕಾರದಲ್ಲಿ ಬರುವ ಎಷ್ಟೋ ಗಾಡಿಗಳು ಬರೀ ನಡಿಗೆಗೆ ಮಾತ್ರ. ಕೈಪಿಡಿಯಲ್ಲಿ ಹಾಗೆಂದು ಬರೆದೇ ಇರುತ್ತದೆ, ನಾವು ಓದುವುದಿಲ್ಲ. ಓಡುವ ಗಾಡಿಯಾದರೆ ಮುಂಚಕ್ರ ನೇರಕ್ಕೆ ಲಾಕ್ ಆಗಬೇಕು, ತಳ್ಳುವವರ ಮಣಿಕಟ್ಟಿಗೆ ಸಿಕ್ಕಿಸುವ ಪಟ್ಟಿ ಇರಬೇಕು. ಮುಂಚಕ್ರ ತಿರುಗುತ್ತಲೇ ಇದ್ದರೆ ಸಣ್ಣ ಕಲ್ಲು ಸಿಕ್ಕಿದರೂ ಗಾಡಿ ಪಕ್ಕಕ್ಕೆ ಎಳೆದು ಮಗುಚಬಹುದು. ಐದು ಕಡೆ ಬಿಗಿಯುವ ಬೆಲ್ಟ್ ಯಾವ ಗಾಡಿಗಾದರೂ ಬೇಕು. ಹಿಡಿಕೆಗೆ ತರಕಾರಿ ಚೀಲ ನೇತುಹಾಕಬೇಡಿ, ಮಗುವನ್ನು ಎತ್ತಿಕೊಂಡ ಕ್ಷಣ ಗಾಡಿ ಹಿಂದಕ್ಕೆ ಬೀಳುತ್ತದೆ.

ಬೆಂಗಳೂರಿನ ಎತ್ತರದ ಫುಟ್‌ಪಾತ್‌ಗಳಿಗೆ ದೊಡ್ಡ ಚಕ್ರ ನಿಜಕ್ಕೂ ಅನುಕೂಲ. ಆದರೆ ಕೊಳ್ಳುವ ಮುಂಚೆ ಮನೆಯ ಲಿಫ್ಟ್ ಬಾಗಿಲು, ಕಾರಿನ ಡಿಕ್ಕಿ ಎರಡನ್ನೂ ಅಳೆದುಕೊಂಡು ಹೋಗಿ.