‘ಓಟಿಟಿಗೆ ಬರ್ಲಿ, ಮನೇಲಿ ನೋಡುವ’ ಅನ್ನುವವರಿಗೆ

ಇನ್ನು ಯಾರಾದ್ರೂ ನನ್ನ ಹತ್ರ ಬಂದು "ಅಯ್ಯೋ, ಥಿಯೇಟರ್ ಯಾಕೆ, ಓಟಿಟಿಗೆ ಬರ್ತದಲ್ಲ, ಆರಾಮಾಗಿ ಮನೇಲಿ ನೋಡುವ" ಅಂದ್ರೆ ಅವರನ್ನು ಮುಂಬೈ ಹತ್ರದ ಡೊಂಬಿವಲಿಯ ನಮ್ಮ ವನ್ ಬಿಎಚ್‌ಕೆಗೆ ಕರ್ಕೊಂಡು ಬಂದು, ಸೋಫಾದಲ್ಲಿ ಕೂರಿಸಿ, ಕೈಗೆ ರಿಮೋಟ್ ಕೊಡ್ತೇನೆ. ಆರಾಮ ಎಷ್ಟುಂಟು ಅಂತ ಅವರೇ ನೋಡ್ಲಿ. ಆ್ಯಕ್ಷನ್ ಸಿನಿಮಾದ ಎರಡನೇ ಭಾಗವನ್ನು ಮನೇಲಿ ನೋಡುವುದು ಅಂದ್ರೆ ಎರಡೂಮುಕ್ಕಾಲು ಗಂಟೆ ವಾಲ್ಯೂಮ್ ಬಟನ್ ಒತ್ತುವ ಚಾಕರಿ ಮಾರಾಯ್ರೆ, ಬೇರೆಂತ ಅಲ್ಲ.

ಥಿಯೇಟರಿಗೆ ಹೋಗುವುದಿಲ್ಲ ಅಂತ ನಾವೇನೂ ಹರಕೆ ಹೊತ್ತುಕೊಂಡಿಲ್ಲ. ಕನ್ನಡ ಸಿನಿಮಾ ಮುಂಬೈಗೆ ಬರ್ತದೆ, ದೊಡ್ಡ ದೊಡ್ಡ ಪೋಸ್ಟರ್ ಸಮೇತ ಬರ್ತದೆ. ಬರುವುದು ಮಾತ್ರ ಹಿಂದಿ ಮಾತಾಡಿಕೊಂಡು. ಕನ್ನಡದ್ದು ಅಂತ ಒಂದು ಶೋ ಸಿಕ್ಕಿದ್ರೆ ಅದು ವಾಶಿ ಕಡೆ, ರಾತ್ರಿ ಹತ್ತೂಮುಕ್ಕಾಲಿಗೆ. ಠಾಣೆಯಲ್ಲಿ ಇಳಿದು ಟ್ರಾನ್ಸ್ ಹಾರ್ಬರ್ ಲೋಕಲ್ ಹಿಡಿದು ಹೋಗಿ ಸೇರುವುದೇನೋ ಸರಿ, ಸಿನಿಮಾ ಬಿಡುವಾಗ ವಾಪಸ್ ಬರ್ಲಿಕ್ಕೆ ಗಾಡಿ ಎಲ್ಲುಂಟು? ಭಾನುವಾರ ಹಗಲು ಹೋಗುವ ಅಂದ್ರೆ ಹಳಿ ರಿಪೇರಿಗೆ ಲೋಕಲ್ ನಿಲ್ಲಿಸುವ ಮೆಗಾಬ್ಲಾಕ್. ಕೆಜಿಎಫ್‌ನ ರಾಕಿ ಬೊಂಬಾಯಿಯಲ್ಲೇ ಬೆಳೆದವ. ಅವನ ಬಾಯಲ್ಲಿ ಕನ್ನಡ ಕೇಳ್ಬೇಕಾದ್ರೆ ಬೊಂಬಾಯಿಯಲ್ಲಿರುವ ನಾವು ಹುಡುಕಿಕೊಂಡು ತಿರುಗಬೇಕು! ಮಾಟುಂಗದಲ್ಲಿ ದಕ್ಷಿಣದ ಸಿನಿಮಾಗಳಿಗೇ ಹೆಸರಾದ ಅರೋರಾ ಥಿಯೇಟರ್ ಇತ್ತು ಅಂತ ಹಳಬರು ಈಗಲೂ ಹೇಳ್ತಾರೆ. ಅಲ್ಲಿಯೂ ತಮಿಳಿನದ್ದೇ ದರ್ಬಾರು, ಅದು ಬೇರೆ ಮಾತು.

ಹಾಗಾಗಿ ಕಾದೆವು. ಕಳೆದ ಶನಿವಾರ ರಾತ್ರಿ ಊಟ ಮುಗಿಸಿ, ಊರಿಂದ ಬಂದ ಅಮ್ಮನನ್ನೂ ಕೂರಿಸಿಕೊಂಡು ಹಚ್ಚಿದೆವು. ಸಿನಿಮಾದ ಹೆಸರು ಹೇಳುವುದಿಲ್ಲ. ನಾನು ಬೈಯುವುದು ಸಿನಿಮಾಕ್ಕಲ್ಲ.

ಶುರುವಾದದ್ದೇ ಹಿಂದಿಯಲ್ಲಿ. ಕನ್ನಡದ ಸಿನಿಮಾ, ಕನ್ನಡದ ಹೀರೋ, ನನ್ನ ಪ್ರೊಫೈಲ್‌ನ ಹೆಸರು ಕೂಡ ಕನ್ನಡದಲ್ಲುಂಟು. ಆದ್ರೂ ಮುಂಬೈ ಅಂದ ಕೂಡಲೇ ಹಿಂದಿ ಅಂತ ಆ ಆ್ಯಪ್ ತಾನೇ ತೀರ್ಮಾನ ಮಾಡಿಬಿಡ್ತದೆ. ನಾಲ್ಕು ಬಟನ್ ಒತ್ತಿ ಕನ್ನಡ ಹಾಕಿದೆ. ನೀರು ಕುಡಿದು ಬಂದು ಮತ್ತೆ ಶುರು ಮಾಡಿದ್ರೆ ಪುನಃ ಹಿಂದಿ. ಸಬ್‌ಟೈಟಲ್ ಆದ್ರೂ ಹಾಕುವ ಅಂದ್ರೆ ಇಂಗ್ಲಿಷ್ ಒಂದೇ. ಅಮ್ಮನಿಗೆ ಇಂಗ್ಲಿಷ್ ಓದ್ಲಿಕ್ಕೆ ಬರುವುದಿಲ್ಲ.

ಆಮೇಲೆ ಸೌಂಡು. ಹೀರೋ ಎಂಟ್ರಿಗೆ ಮುಂಚೆ ಇಬ್ಬರು ಮುದುಕರು ಕತ್ತಲಲ್ಲಿ ಪಿಸುಮಾತಿನಲ್ಲಿ ಇಡೀ ಹಿಂದಿನ ಕಥೆ ಹೇಳ್ತಾರೆ.

"ಅವ ಎಂತ ಹೇಳಿದ್ದು ಮಗಾ?"

ಸ್ವಲ್ಪ ಹಿಂದೆ ಹಾಕಿ ವಾಲ್ಯೂಮ್ ಮೂವತ್ತೆರಡಕ್ಕೆ ಏರಿಸಿದೆ. ಮುದುಕ ಬಾಯಿ ತೆರೆದ. ಅರ್ಧ ವಾಕ್ಯ ಕೇಳಿತು. ಅಷ್ಟರಲ್ಲಿ ಗೋಡೆ ಒಡೆದು ಲಾರಿ ಬಂತು, ಢಮ್ ಅಂತ. ಒಳಗೆ ಮಲಗಿದ್ದ ಮಗಳು ಎದ್ದು ಕೂತಳು. ಹೆಂಡತಿ ನನ್ನ ಮುಖ ನೋಡಿದಳು. ಹನ್ನೆರಡಕ್ಕೆ ಇಳಿಸಿದೆ. ಈಗ ಹೀರೋ ಮಾತಾಡ್ತಾ ಇದ್ದಾನೆ, ಅದೂ ಗಡ್ಡದೊಳಗೇ. "ಎಂತ ಹೇಳಿದ್ದು?" ಏರಿಸಿದೆ. ಮೆಷಿನ್ ಗನ್. ಇಳಿಸಿದೆ. ಇಂಟರ್‌ವಲ್ ಬರುವುದರೊಳಗೆ ಪಕ್ಕದ ಮನೆಯ ಮರಾಠಿ ಆಂಟಿ, ನಾವು ಕಾಕು ಅಂತ ಕರೆಯುವವರು, ಬೆಲ್ ಒತ್ತಿ ಆಗಿತ್ತು. "ಆವಾಜ್ ಜರಾ ಕಮೀ ಕರಾ ನಾ." ಸೌಂಡು ಸ್ವಲ್ಪ ಕಡಿಮೆ ಮಾಡಿ ಅಂತ. ಪಾಪ, ಅವರು ಬೈಯಲಿಲ್ಲ, ಕೇಳಿಕೊಂಡರು. ಅದೇ ಹೆಚ್ಚು ನಾಚಿಕೆ. ನಮ್ಮ ಬಿಲ್ಡಿಂಗಿನ ಗೋಡೆ ಎಂಥದ್ದು ಅಂದ್ರೆ ಅವರ ಮನೆಯ ಕುಕ್ಕರಿನ ಸೀಟಿ ನಾವು ಎಣಿಸ್ತೇವೆ.

ಇದರಲ್ಲಿ ಟಿವಿಯದ್ದು ಮಾತ್ರ ತಪ್ಪು ಅಂತ ಹೇಳ್ಬೇಡಿ. ಆ ಸೌಂಡು ತಯಾರಾದದ್ದೇ ದೊಡ್ಡ ಹಾಲ್‌ಗೆ. ಅಲ್ಲಿ ಮಾತು ಹೆಚ್ಚಿನಂಶ ಪರದೆಯ ನಡುವಿನ ಸ್ಪೀಕರಿನಿಂದ ಬರ್ತದೆ, ಗದ್ದಲ ಸುತ್ತಮುತ್ತಲಿಂದ. ಮಾತಿಗೆ ತನ್ನದೇ ಜಾಗ ಉಂಟು. ನಮ್ಮ ಟಿವಿಯ ಕೆಳಗೆ ಅಡಗಿರುವ ಎರಡು ಪುಟ್ಟ ಸ್ಪೀಕರಿಗೆ ಅಷ್ಟನ್ನೂ ಒಟ್ಟಿಗೆ ತುರುಕಿದ್ರೆ ಮಾತು ಗದ್ದಲದ ಅಡಿಗೆ ಬೀಳದೆ ಇನ್ನೇನಾಗ್ತದೆ? ಥಿಯೇಟರಿನ ಲೆಕ್ಕದಲ್ಲಿ ಪರದೆಯ ಹಿಂದಿನ ಒಂದೊಂದು ಸ್ಪೀಕರಿನ ಸದ್ದು 105 ಡೆಸಿಬಲ್‌ವರೆಗೂ ಏರಬಹುದು. ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ವಸತಿ ಪ್ರದೇಶಕ್ಕೆ ಇಟ್ಟ ಮಿತಿ 45. ಈಗ ಹೇಳಿ, ಡೊಂಬಿವಲಿಯಲ್ಲಿ ಆ ಲಾರಿ ಎಲ್ಲಿಗೆ ನುಗ್ಗಬೇಕು?

"ಸೌಂಡ್‌ಬಾರ್ ತಗೊಳ್ಳಿ" ಅಂತಾರೆ ಬುದ್ಧಿವಂತರು. ತಗೊಳ್ಳುವ, ಆದ್ರೆ ಅದರ ಜೊತೆಗೆ ಬರುವ ಸಬ್‌ವೂಫರ್ ಅನ್ನುವ ದಪ್ಪ ಸದ್ದಿನ ಡಬ್ಬದ ಗುಂಯ್ ಗುಂಯ್ ಗೋಡೆ ದಾಟುವುದರಲ್ಲಿ ಎಲ್ಲಕ್ಕಿಂತ ಮುಂದೆ. ಕಾಕು ಇನ್ನೊಮ್ಮೆ ಬಂದ್ರೆ ಬರುವುದು ಸೊಸೈಟಿಯ ಸೆಕ್ರೆಟರಿಯ ಜೊತೆ. "ಸೆಟ್ಟಿಂಗ್ಸಿನಲ್ಲಿ ನೈಟ್ ಮೋಡ್ ಉಂಟು ನೋಡಿ" ಅಂತ ಇನ್ನೊಬ್ಬರು. ಹಾಕಿದೆ. ಮಾತು ಕೇಳಿತು, ಸುಳ್ಳು ಹೇಳುವುದಿಲ್ಲ. ಆದ್ರೆ ಜೋರಿನದ್ದನ್ನೂ ಮೆಲ್ಲಗಿನದ್ದನ್ನೂ ಒಂದೇ ಮಟ್ಟಕ್ಕೆ ತಂದು ಬಿಟ್ಟಿತು, ಹೀರೋನ ಗುದ್ದು ಹಪ್ಪಳ ಮುರಿದ ಹಾಗೆ ಕೇಳ್ತದೆ. ಹಪ್ಪಳದ ಸದ್ದಿಗೆ ಹತ್ತು ಜನ ಗಾಳಿಯಲ್ಲಿ ಹಾರಿದ್ರೆ ನಗು ಬರುವುದಿಲ್ವಾ? ಇಯರ್‌ಫೋನ್ ಹಾಕಿಕೊಂಡು ಒಬ್ಬೊಬ್ಬರೇ ನೋಡಿ ಅಂದವರೂ ಇದ್ದಾರೆ. ಅಮ್ಮನಿಗೂ ಒಂದು ಕೊಡ್ಲಾ?

ಪರದೆಯಲ್ಲಿ ಕಾಣುವ ಚಿತ್ರದ ಅವಸ್ಥೆಯೂ ಇದಕ್ಕಿಂತ ಮೇಲೇನಲ್ಲ. ಈಗಿನ ಆ್ಯಕ್ಷನ್ ಸಿನಿಮಾದಲ್ಲಿ ಮುಕ್ಕಾಲು ಪಾಲು ಕತ್ತಲು, ಮಸಿ, ಹೊಗೆ, ಧೂಳು. ಥಿಯೇಟರಿಗೆ ಕಳಿಸುವ ಡಿಜಿಟಲ್ ಪ್ರಿಂಟಿನಲ್ಲಿ ಸೆಕೆಂಡಿಗೆ 250 ಮೆಗಾಬಿಟ್‌ವರೆಗೂ ಚಿತ್ರದ ಮಾಹಿತಿ ಇರ್ಬಹುದು. ಮನೆಗೆ 4ಕೆ ಅಂತ ಬರುವುದು 20ರ ಆಸುಪಾಸು, ಅದೂ ಇಂಟರ್‌ನೆಟ್ ಕೃಪೆ ಮಾಡಿದ್ರೆ. ಹಾಗಾಗಿ ಕತ್ತಲಿನಲ್ಲಿ ಚೌಕ ಚೌಕ ಕಲೆ. ವಿಲನ್ ಯಾರು, ಕಂಬ ಯಾವುದು ಅಂತ ಗೊತ್ತಾಗ್ಲಿಕ್ಕೆ ನಾವು ಬಾಲ್ಕನಿಯ ಲೈಟ್ ಆಫ್ ಮಾಡಿ, ಫ್ರಿಜ್ ಮೇಲಿನ ಲೈಟ್ ಆಫ್ ಮಾಡಿ, ಕೊನೆಗೆ ದೇವರ ಕೋಣೆಯದ್ದನ್ನೂ ಆಫ್ ಮಾಡಿ ಅಮ್ಮನ ಕೈಯಲ್ಲಿ ಬೈಸಿಕೊಂಡದ್ದು.

ಇನ್ನು ಎರಡನೇ ಭಾಗ ಅರ್ಥ ಆಗ್ಬೇಕಾದ್ರೆ ಮೊದಲನೆಯದು ನೆನಪಿರಬೇಕಲ್ಲ. ಅದು ಇರುವುದು ಬೇರೆ ಆ್ಯಪಿನಲ್ಲಿ! ಪುಷ್ಪದ್ದೂ ಹಾಗೆಯೇ ಆದದ್ದು, ಮೊದಲ ಭಾಗ ಒಂದು ಕಡೆ, ಎರಡನೆಯದು ಇನ್ನೊಂದು ಕಡೆ. ಅಣ್ಣ ತಮ್ಮಂದಿರು ಪಾಲಾದ ಹಾಗೆ ಸಿನಿಮಾ ಪಾಲಾದ್ರೆ ಎರಡೂ ಮನೆಗೆ ಚಂದಾ ಕಟ್ಟುವವರು ನಾವು. ಅದರ ಮೇಲೆ ಬಾಡಿಗೆ ಬೇರೆ. ಕೆಜಿಎಫ್ ಎರಡನೇ ಅಧ್ಯಾಯ 2022ರ ಏಪ್ರಿಲ್ 14ಕ್ಕೆ ಥಿಯೇಟರಿಗೆ ಬಂದದ್ದು, ಮನೆಗೆ ಮೊದಲು ಬಂದದ್ದು ಮೇ ತಿಂಗಳಲ್ಲಿ 199 ರೂಪಾಯಿ ಬಾಡಿಗೆಗೆ. ಚಂದಾದಾರರು ಜೂನ್ 3ರ ತನಕ ಕಾಯ್ಬೇಕಾಯ್ತು. ಮನೇಲಿ ನೋಡಿದ್ರೆ ಬಿಟ್ಟಿ ಅಂತ ಹೇಳುವವರು ಒಮ್ಮೆ ಬ್ಯಾಂಕಿನ ಮೆಸೇಜ್ ತೆಗೆದು ನೋಡಿ.

ಆ ಕೆಜಿಎಫ್ ಎರಡನೆಯದನ್ನು ನೋಡುವಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ, "ಅನಂತನಾಗ್ ಎಲ್ಲಿ?" ಮೊದಲ ಭಾಗದ ಕಥೆ ಹೇಳಿದವ ಅವರು, ಎರಡನೆಯದರಲ್ಲಿ ಪ್ರಕಾಶ್ ರಾಜ್ ಬಂದು ಕೂತಿದ್ದಾರೆ. ಬೊಂಬಾಯಿಯ ನಾಟಕಗಳಿಂದ ಹೊರಟ ಅನಂತನಾಗ್ ನಮ್ಮ ಅಮ್ಮನ ಲೆಕ್ಕದಲ್ಲಿ ಮನೆಯವರೇ. ಎಷ್ಟು ವಿವರಿಸಿದ್ರೂ ಒಪ್ಪಲಿಲ್ಲ. ಒಪ್ಪದಿದ್ದದ್ದೇ ಸರಿ. ಕಥೆ ಹಿಡಿದು ಕೂರುವವರಿಗೆ ಮೊದಲ ಭಾಗವೇ ಸಾಕು. ಎರಡನೆಯದರಲ್ಲಿ ಅವರು ಮಾರುವುದು ಗಾತ್ರ. ಗನ್ನು ದೊಡ್ಡದು, ಸೈನ್ಯ ದೊಡ್ಡದು, ಸುತ್ತಿಗೆ ದೊಡ್ಡದು. ಆ ಗಾತ್ರವನ್ನೇ 43 ಇಂಚಿಗೆ ಕುಗ್ಗಿಸಿ, ಹನ್ನೆರಡರ ವಾಲ್ಯೂಮಿಗೆ ಇಳಿಸಿ ನೋಡಿದ್ರೆ ಉಳಿಯುವುದೆಂತದು? ಗಡ್ಡ ಮತ್ತು ಸ್ಲೋ ಮೋಷನ್. ಕಾಮಿಡಿ ಮನೇಲಿ ನೋಡಿ, ಕೋರ್ಟಿನ ಕಥೆ ನೋಡಿ, ಎಂತ ತೊಂದರೆ ಇಲ್ಲ. ಥಿಯೇಟರಿನಲ್ಲಿ ಒಮ್ಮೆ ನೋಡಿದ ಆ್ಯಕ್ಷನ್ ಆದ್ರೆ ಎರಡನೇ ಸಲಕ್ಕೆ ಮನೆಯೂ ನಡೀತದೆ, ಸದ್ದು ಆಗಲೇ ತಲೆಯಲ್ಲಿ ಇರ್ತದೆ. ಮೊದಲ ಸಲಕ್ಕೆ ಮಾತ್ರ ಬೇಡವೇ ಬೇಡ.

ಕೊನೆಯಲ್ಲಿ ಹೆಸರುಗಳೆಲ್ಲ ಓಡಿದ ಮೇಲೆ ಮೂರನೇ ಭಾಗದ ಸುಳಿವು ಬೇರೆ ಕೊಟ್ಟಿದ್ದಾರೆ. ಅಷ್ಟರಲ್ಲಿ ಆ್ಯಪ್ ತಾನಾಗಿಯೇ ಅದನ್ನು ಮೂಲೆಗೆ ತಳ್ಳಿ ಯಾವುದೋ ಅಡುಗೆ ಸ್ಪರ್ಧೆ ಶುರು ಮಾಡಿತು, ಹಿಂದಿಯಲ್ಲಿ. ಮೂರನೆಯದನ್ನು ನಾನು ಊರಿಗೇ ಹೋಗಿ ನೋಡ್ತೇನೆ. ಠಾಣೆಯಲ್ಲಿ ಮಂಗಳೂರಿಗೆ ಹೋಗುವ ಮತ್ಸ್ಯಗಂಧ ರೈಲು ಹತ್ತಿದ್ರೆ ಬೆಳಗಾಗುವಾಗ ನಮ್ಮ ಕಡೆ. ಕನ್ನಡದಲ್ಲೇ, ಹಗಲಿನ ಶೋದಲ್ಲೇ, ಲಾರಿ ಎಲ್ಲಿಗೆ ಬೇಕಾದ್ರೂ ನುಗ್ಗಲಿ. ರಿಸರ್ವೇಷನ್ 60 ದಿನ ಮೊದಲೇ ಮಾಡ್ಬೇಕು. ಟಿಕೆಟ್ ಕನ್ಫರ್ಮ್ ಆದ ಮೇಲೆ ಅವರು ರಿಲೀಸ್ ಡೇಟ್ ಮುಂದೆ ಹಾಕದಿದ್ರೆ ಪುಣ್ಯ.