ಕ್ರಿಯಾಪದ ಕೊನೆಗೇ ಬರಲಿ: ಬ್ರೌಸರಿನಲ್ಲಿ ಓಡುವ ಕನ್ನಡದ ಲಿಸ್ಪ್

ಪ್ರೋಗ್ರಾಮಿನ ಇಂಗ್ಲಿಷ್ ಆಜ್ಞಾಪದಗಳನ್ನು (ಕೀವರ್ಡು) ಮಾತ್ರ ಕನ್ನಡಕ್ಕೆ ತಿರುಗಿಸಿ "ಕನ್ನಡದ ಪ್ರೋಗ್ರಾಮಿಂಗ್ ಭಾಷೆ" ಅನ್ನುವುದು ಉಂಟಲ್ಲ, ಅದು ಬೋರ್ಡು ಮಾತ್ರ ಬದಲಾದ ಅಂಗಡಿ. (ಕೂಡು 2 3) ಅಂತ ಕಾಸರಗೋಡಿನಲ್ಲಿ ಯಾರು ಮಾತಾಡುತ್ತಾರೆ ಮಾರಾಯ್ರೆ? ಇಲ್ಲಿನ ಒಂದೇ ಕ್ಲಾಸಿನಲ್ಲಿ ಕನ್ನಡ, ತುಳು, ಮಲಯಾಳ ಮೂರೂ ಮನೆಮಾತಿನ ಮಕ್ಕಳು ಕೂತಿರುತ್ತಾರೆ. ಮೂರರಲ್ಲೂ ಕ್ರಿಯಾಪದ ಕೊನೆಗೆ. 1958ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜಾನ್ ಮೆಕಾರ್ಥಿ ಶುರುಮಾಡಿದ ಲಿಸ್ಪ್ ಎಲ್ಲವನ್ನೂ ಕಂಸದೊಳಗಿನ ಪಟ್ಟಿಯಾಗಿ ಬರೆಯುವ ಪ್ರೋಗ್ರಾಮಿಂಗ್ ಭಾಷೆ; ಅದು ಕ್ರಿಯೆಯನ್ನು ಕಂಸದ ಬಾಗಿಲಲ್ಲೇ ನಿಲ್ಲಿಸಿತು. ನಾವು (2 3 ಕೂಡು) ಎಂದೇ ಬರೆಯಬೇಕು.

ಬ್ರೌಸರಿನಲ್ಲಿ ಇದು ಕಷ್ಟದ ಕೆಲಸ ಅಲ್ಲ. ಪಟ್ಟಿಯನ್ನು ಬ್ರೌಸರಿನ ಭಾಷೆಯಾದ ಜಾವಾಸ್ಕ್ರಿಪ್ಟಿನ ಅರೇಯಾಗಿ (ಸಂಖ್ಯೆ ಹಾಕಿದ ಸಾಲಾಗಿ) ಇಟ್ಟರೆ ಕೊನೆಯ ಪದ ಒಂದೇ ಹೆಜ್ಜೆಗೆ ಸಿಗುತ್ತದೆ. ಒಂದು ಕೊಂಡಿ ಮುಂದಿನದನ್ನು ಮಾತ್ರ ತೋರಿಸುವ, ಲಿಸ್ಪಿನ ಹಳೆಯ ಕಾನ್ಸ್ ಸರಪಳಿಯಾದರೆ ಪ್ರತಿ ಸಲ ಬಾಲದವರೆಗೆ ನಡೆಯಬೇಕು.

ನಿಜವಾದ ರುಚಿ ಇರುವುದು ವಿಭಕ್ತಿಯಲ್ಲಿ. (10 3 ಕಳೆ) ಅಂದರೆ ಯಾವುದರಿಂದ ಯಾವುದು? (10 ಇಂದ 3 ಅನ್ನು ಕಳೆ) ಎಂದರೆ ಗೊಂದಲವಿಲ್ಲ, (3 ಅನ್ನು 10 ಇಂದ ಕಳೆ) ಎಂದರೂ ಉತ್ತರ 7. ವಿಭಕ್ತಿಯನ್ನು ಬಿಡಿಯಾಗಿಯೇ ಬರೆಸಿ. ಅಂಟಿಸಲು ಬಿಟ್ಟರೆ ಮರದಿಂದ, ಬೆಲೆಯಿಂದ, ಗುರುವಿನಿಂದ ಎಂದು ಸಂಧಿ ಬಿಡಿಸುತ್ತಾ ಕೂರಬೇಕಾದೀತು. ((ಬೆಲೆ ಹೆಚ್ಚು) ಆದರೆ (ಅಡಿಕೆ ಮಾರು) ಇಲ್ಲವಾದರೆ (ಕಾಯು)) ಎಂಬಲ್ಲಿನ "ಆದರೆ", "ಇಲ್ಲವಾದರೆ" ಇವೂ ಇಂಥ ಗುರುತುಗಳೇ. ಇವನ್ನು ಮಾತ್ರ ಮಿಕ್ಕದ್ದನ್ನು ಲೆಕ್ಕ ಹಾಕುವ ಮೊದಲೇ ಹುಡುಕಬೇಕು. ಇಲ್ಲದಿದ್ದರೆ (ಅಡಿಕೆ ಮಾರು), (ಕಾಯು) ಎರಡೂ ಒಟ್ಟಿಗೆ ಓಡುತ್ತವೆ.

ಪದ ಬಿಡಿಸುವಾಗ ಅಕ್ಷರ ಯಾವುದು, ಅಂಕಿ ಯಾವುದು ಎಂದು ರೆಗ್ಯುಲರ್ ಎಕ್ಸ್‌ಪ್ರೆಶನ್ನಿನ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರದ) ಹತ್ತಿರ ಕೇಳಬೇಡಿ. ಅದರ \w, \d ಎಂಬ ಸಿದ್ಧ ಗುರುತುಗಳಿಗೆ ನಮ್ಮ ಅಕ್ಷರವೂ ಗೊತ್ತಿಲ್ಲ, ೨ ಅಂಕಿಯೆಂದೂ ಗೊತ್ತಿಲ್ಲ. ಖಾಲಿ ಜಾಗ ಮತ್ತು ಎರಡು ಕಂಸ, ಗಡಿ ಇಷ್ಟೇ ಇರಲಿ. ಕನ್ನಡ ಅಂಕಿಯ ಯೂನಿಕೋಡ್ ಸಂಕೇತದಿಂದ (ಪ್ರತಿ ಅಕ್ಷರಕ್ಕೆ ಕಂಪ್ಯೂಟರ್ ಕೊಡುವ ಸಂಖ್ಯೆಯಿಂದ) 3302 ಕಳೆದರೆ ಅದರ ಬೆಲೆ ಸಿಗುತ್ತದೆ. (ಭಾರತೀಯ ಭಾಷೆಗಳ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ + ಮತ್ತು = ಇದ್ದ ಜಾಗದಲ್ಲಿ ಋ, ೃ ಕೂತಿವೆ. ಚಿಹ್ನೆಗಿಂತ "ಕೂಡು" ಟೈಪಿಸುವುದೇ ಸುಲಭ.)

ತಲೆ ತಿನ್ನುವ ದೋಷ ಬೇರೆ ಉಂಟು. "ಫೈಲ್" ಎಂಬ ಹೆಸರಿನ ಬಾಲಕ್ಕೆ ಕೆಲವು ಕೀಲಿಮಣೆಗಳು ಕಣ್ಣಿಗೆ ಕಾಣದ ಒಂದು ಸಂಕೇತ ಅಂಟಿಸುತ್ತವೆ. ಪರದೆಯಲ್ಲಿ ಬಾಲ ಇದ್ದದ್ದೂ ಇಲ್ಲದ್ದೂ ಒಂದೇ, ಯಂತ್ರಕ್ಕೆ ಮಾತ್ರ "ಈ ಹೆಸರು ಗೊತ್ತಿಲ್ಲ". ಮೊದಲು ಯೂನಿಕೋಡ್ ನಾರ್ಮಲೈಸ್ ಮಾಡಿ (ಒಂದೇ ಅಕ್ಷರದ ಬೇರೆ ಬೇರೆ ಸಂಕೇತ ರೂಪಗಳನ್ನು ಒಂದಕ್ಕೆ ತಂದು), ಆಮೇಲೆ ಬಾಲ ಕತ್ತರಿಸಿ; ನಾರ್ಮಲೈಸ್ ಒಂದೇ ಅದನ್ನು ತೆಗೆಯುವುದಿಲ್ಲ. ಮಲಯಾಳದ ಪದಕ್ಕೆ ಮಾತ್ರ ಕಣ್ಣುಮುಚ್ಚಿ ಕತ್ತರಿ ಹಾಕಬೇಡಿ. ಹಳೆಯ ಬರಹದ ಚಿಲ್ಲು ಅಕ್ಷರ (ಮಲಯಾಳದಲ್ಲಿ ಸ್ವರವಿಲ್ಲದ ವ್ಯಂಜನದ ಬೇರೆ ರೂಪ) ನಿಂತಿರುವುದೇ ಇಂಥದ್ದೊಂದು ಸಂಕೇತದ ಮೇಲೆ. 2008ರ ಯೂನಿಕೋಡ್ 5.1ರಲ್ಲಿ ಬಂದ ಬಿಡಿ ಚಿಲ್ಲುಗಳಿಗೆ ಬದಲಿಸಿದ ಮೇಲೆಯೇ ಕತ್ತರಿಸಿ.

ಇನ್ನು ಲೆಕ್ಕ. ಅಡಿಕೆ ಸಸಿಗೆ 2.7 ಮೀಟರ್ ಅಂತರ ಎಂದು ಮಗು (2.7 2.7 ಗುಣಿಸು) ಬರೆದರೆ ಬ್ರೌಸರ್ ಕೊಡುವುದು 7.290000000000001. ಯಂತ್ರದ 0, 1ರ ಲೆಕ್ಕದಲ್ಲಿ (ಬೈನರಿಯಲ್ಲಿ) 2.7 ಸರಿಯಾಗಿ ಕೂರುವುದಿಲ್ಲ, ಅದಕ್ಕೆ. 27 ಮತ್ತು 10 ಎಂದು ಎರಡು ಬಿಗ್‌ಇಂಟ್ (ಎಷ್ಟು ದೊಡ್ಡದಾದರೂ ತಪ್ಪದ ಪೂರ್ಣಾಂಕ) ಜೋಡಿಯಾಗಿ, ಭಿನ್ನರಾಶಿಯ ಹಾಗೆ ಇಡಿ. ಆಗ ಉತ್ತರ 729/100, ಅಂದರೆ 7.29, ಬಾಲಂಗೋಚಿ ಇಲ್ಲದೆ. ಹೆಕ್ಟೇರಿನ 10000 ಚದರ ಮೀಟರನ್ನು ಅದರಿಂದ ಭಾಗಿಸಿ ಪೂರ್ಣ ಸಂಖ್ಯೆ ಮಾತ್ರ ಇಟ್ಟುಕೊಂಡರೆ 1371 ಸಸಿ.

ತನ್ನನ್ನೇ ಕರೆದುಕೊಳ್ಳುವ ಫಂಕ್ಷನ್ ಸಾವಿರಾರು ಸುತ್ತು ಹೋದರೆ ಸ್ಟ್ಯಾಕ್ (ಮುಗಿಯದ ಕರೆಗಳನ್ನು ನೆನಪಿಡುವ ಜಾಗ) ತುಂಬುತ್ತದೆ. 2015ರ ಜಾವಾಸ್ಕ್ರಿಪ್ಟ್ ನಿಯಮದಲ್ಲಿ ಇದಕ್ಕೆ ಟೇಲ್ ಕಾಲ್ (ಕೊನೆಯ ಕರೆಗೆ ಸ್ಟ್ಯಾಕ್ ಬೆಳೆಸದ ಉಪಾಯ) ಉಂಟು, ಆದರೆ ಕ್ರೋಮ್, ಫೈರ್‌ಫಾಕ್ಸ್ ಅದನ್ನು ಪಾಲಿಸುವುದಿಲ್ಲ. ಫಂಕ್ಷನ್ ತನ್ನನ್ನೇ ಕರೆಯುವ ಬದಲು ಮುಂದಿನ ಕೆಲಸವನ್ನಷ್ಟೇ ಹಿಂತಿರುಗಿಸಲಿ; ಅದನ್ನು ಹೊರಗಿನ ಒಂದು ಲೂಪ್‌ನಿಂದ ಓಡಿಸಿ.

ಕ್ರಿಯೆ ಕೊನೆಗಿಟ್ಟದ್ದಕ್ಕೆ ದಂಡವೂ ಉಂಟು. ಮುಚ್ಚುವ ಕಂಸ ತಪ್ಪಿದರೆ ಅದು ಯಾವ ಕೆಲಸದ ಪಟ್ಟಿ ಎಂದೇ ಯಂತ್ರಕ್ಕೆ ತಿಳಿಯದು. ಹಾಗಾಗಿ ಪ್ರತಿ ತೆರೆದ ಕಂಸದ ಸಾಲಿನ ಸಂಖ್ಯೆ ನೆನಪಿಟ್ಟು, "4ನೇ ಸಾಲಿನಲ್ಲಿ ತೆರೆದ ಕಂಸ ಮುಚ್ಚಿಲ್ಲ" ಎಂದು ಕನ್ನಡದಲ್ಲೇ ಹೇಳಿ.