ಬಿಸಿಲಿನ ವಿದ್ಯುತ್ತಿಗೆ ಡಾಲರ್ ಸಾಲ

2022ರ ನವೆಂಬರ್‌ನಲ್ಲಿ ಬಾಲಿಯಲ್ಲಿ ಜಿ-20 ಸಮಾವೇಶ ನಡೆದಾಗ, ಇಂಡೋನೇಷ್ಯಾ ಕಲ್ಲಿದ್ದಲಿನ ಅವಲಂಬನೆಯನ್ನು ತಗ್ಗಿಸಿಕೊಳ್ಳಲು 2,000 ಕೋಟಿ ಡಾಲರ್ ಒದಗಿಸಿಕೊಡುವುದಾಗಿ ಶ್ರೀಮಂತ ದೇಶಗಳು ಘೋಷಿಸಿದವು. ಅರ್ಧ ಹಣ ಸರ್ಕಾರಗಳ ಕಡೆಯಿಂದ, ಉಳಿದರ್ಧ ಖಾಸಗಿ ಬ್ಯಾಂಕುಗಳಿಂದ ಬರಬೇಕಿತ್ತು. ನೆರವು ಎಂದು ಕರೆಸಿಕೊಂಡ ಈ ಮೊತ್ತದಲ್ಲಿ ಅನುದಾನದ ಪಾಲು ತೀರಾ ಅಲ್ಪ. ಬಹುಪಾಲು ಬಡ್ಡಿ ಸಮೇತ ತೀರಿಸಬೇಕಾದ ಸಾಲ. 2025ರ ಮಾರ್ಚ್‌ನಲ್ಲಿ ಅಮೆರಿಕ ಈ ಒಪ್ಪಂದದಿಂದ ಹೊರನಡೆದದ್ದು ದೊಡ್ಡ ಸುದ್ದಿಯಾಯಿತು. ಆದರೆ ಆ ಸಾಲವನ್ನು ಯಾವ ನಾಣ್ಯದಲ್ಲಿ ತೀರಿಸಬೇಕು ಎಂಬ ಪ್ರಶ್ನೆ ನನಗೆ ಅದಕ್ಕಿಂತ ಗಂಭೀರವಾಗಿ ಕಾಣುತ್ತದೆ.

ಕಲ್ಲಿದ್ದಲು ಸ್ಥಾವರಕ್ಕೆ ಅದು ನಡೆಯುವಷ್ಟು ಕಾಲವೂ ಇಂಧನ ಕೊಳ್ಳುತ್ತಲೇ ಇರಬೇಕು. ಸೌರ ಘಟಕಕ್ಕೆ ಬಿಸಿಲು ಪುಕ್ಕಟೆ, ಆದರೆ ಬಹುತೇಕ ಖರ್ಚನ್ನು ಮೊದಲ ದಿನವೇ ಸುರಿಯಬೇಕು. ಹಾಗಾಗಿ ಅಲ್ಲಿ ವಿದ್ಯುತ್ತಿನ ದರವನ್ನು ಬಹುಮಟ್ಟಿಗೆ ಬಡ್ಡಿಯೇ ತೀರ್ಮಾನಿಸುತ್ತದೆ. 100 ಕೋಟಿ ರೂಪಾಯಿ ಸಾಲವನ್ನು 20 ವರ್ಷಗಳ ಸಮಾನ ಕಂತುಗಳಲ್ಲಿ ತೀರಿಸುವುದಾದರೆ, ಶೇ 5ರ ಬಡ್ಡಿಗೆ ವರ್ಷಕ್ಕೆ ಸುಮಾರು 8 ಕೋಟಿ ಕಟ್ಟಬೇಕು. ಶೇ 10 ಆದರೆ 11.75 ಕೋಟಿ. ಫಲಕಗಳೂ ಅವೇ, ಬಿಸಿಲೂ ಅದೇ.

ಡಾಲರ್ ಸಾಲದ ಬಡ್ಡಿ ಕಡಿಮೆಯೆಂದು ತೋರುವುದು ನಿಜ. ಆದರೆ ಇಂಡೋನೇಷ್ಯಾದ ಜಾವಾ ದ್ವೀಪದ ಮನೆಗಳು ಬಿಲ್ ಕಟ್ಟುವುದು ಆ ದೇಶದ ನಾಣ್ಯವಾದ ರುಪಿಯಾದಲ್ಲಿ. 1990ರ ದಶಕದಲ್ಲಿ ಅಲ್ಲಿನ ಸರ್ಕಾರಿ ವಿದ್ಯುತ್ ಕಂಪನಿ ಪಿಎಲ್‌ಎನ್, ಪೂರ್ವ ಜಾವಾದ ಪೈಟನ್ ಸೇರಿದಂತೆ ಹಲವು ಖಾಸಗಿ ಸ್ಥಾವರಗಳೊಡನೆ ಡಾಲರ್ ಲೆಕ್ಕದ ಖರೀದಿ ಒಪ್ಪಂದಗಳನ್ನು ಮಾಡಿಕೊಂಡಿತ್ತು. 1997ರ ಮಧ್ಯದಲ್ಲಿ ಒಂದು ಡಾಲರಿಗೆ ಸುಮಾರು 2,400 ಇದ್ದ ರುಪಿಯಾ, ಮರುವರ್ಷದ ಆರಂಭದಲ್ಲೇ 10,000ದಾಚೆಗೆ ಕುಸಿಯಿತು. ಸ್ಥಾವರಗಳಿಗೆ ಡಾಲರ್ ಲೆಕ್ಕದ ಹಣ ಕೊಡಲು ಕಂಪನಿಗೆ ಆಗಲಿಲ್ಲ, ವ್ಯಾಜ್ಯಗಳೆದ್ದವು, ಒಪ್ಪಂದಗಳನ್ನು ತಿದ್ದಲು ವರ್ಷಗಳೇ ಹಿಡಿದವು. ಅಂದು ಕಲ್ಲಿದ್ದಲಿಗಾಗಿ ಹೊತ್ತ ಆ ಭಾರವನ್ನು ಇಂದು ಸೌರಶಕ್ತಿಗಾಗಿ ಅದೇ ಜನರ ಹೆಗಲಿಗೆ ಮತ್ತೆ ಏರಿಸುವುದು ಅನ್ಯಾಯವೆಂದೇ ನನ್ನ ಭಾವನೆ. ವಾತಾವರಣಕ್ಕೆ ಸೇರಿರುವ ಇಂಗಾಲದಲ್ಲಿ ಅವರ ಪಾಲು ಸಾಲ ಕೊಡುವವರ ಪಾಲಿಗಿಂತ ಎಷ್ಟೋ ಕಡಿಮೆ.

ಇದರ ಜೊತೆಗೆ, ವಿದ್ಯುತ್ತನ್ನು ಪಡೆಯದಿದ್ದರೂ ಹಣ ಕೊಡಲೇಬೇಕೆಂಬ ಕರಾರುಗಳು ಹಳೆಯ ಕಲ್ಲಿದ್ದಲು ಸ್ಥಾವರಗಳೊಡನೆ ಇನ್ನೂ ಜಾರಿಯಲ್ಲಿವೆ. ಹೀಗಿರುವಾಗ ವಿನಿಮಯ ದರದ ಅಪಾಯವನ್ನೂ ಪಿಎಲ್‌ಎನ್ ಒಂದೇ ಹೊರಲಾರದು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನಂಥ ಸಂಸ್ಥೆಗಳಿಗೆ ಅದನ್ನು ಹೊರುವ ಶಕ್ತಿ ಇದೆ. ಇರುವ ಅಲ್ಪ ಅನುದಾನವನ್ನು ಅಧ್ಯಯನ ವರದಿಗಳಿಗೆ ವ್ಯಯಿಸುವ ಬದಲು, ರುಪಿಯಾ ಕುಸಿದಾಗ ಆಗುವ ನಷ್ಟ ತುಂಬಲು ಮೀಸಲಿಟ್ಟರೆ ಅದರ ಬಲದ ಮೇಲೆ ಎಷ್ಟೋ ಪಟ್ಟು ಹೆಚ್ಚು ಸಾಲ ನಿಲ್ಲಬಲ್ಲದು. ಅಮೆರಿಕ ಹೋದ ಮೇಲೆ ಜಪಾನ್ ಮತ್ತು ಜರ್ಮನಿ ಈ ಒಪ್ಪಂದದ ಮುಂದಾಳತ್ವ ವಹಿಸಿವೆ. ಮುಂದಿನ ಸಾಲಪತ್ರಗಳನ್ನು ರುಪಿಯಾದಲ್ಲಿ ಬರೆಯಲು ಅವು ಒಪ್ಪಬೇಕು.